ಚಂದಾ ಆಧಾರದಲ್ಲಿ ಋತುಮಾನದ ತೋಟದ ಉತ್ಪನ್ನಗಳ ನೇರ ಮಾರಾಟ: ಚಿಕ್ಕಬಳ್ಳಾಪುರ ಜಿಲ್ಲೆಯ ಸಣ್ಣ ರೈತರಿಗೆ ಮಾಹಿತಿ

ಪೀಠಿಕೆ

ಸಣ್ಣ ಹಿಡುವಳಿದಾರರು ತಾವು ಬೆಳೆದ ತರಕಾರಿ, ಸೊಪ್ಪು ಹಾಗೂ ಹಣ್ಣುಗಳನ್ನು ಮಂಡಿಯ ಮುಖಾಂತರವಲ್ಲದೆ, ಮುಂಗಡವಾಗಿ ಚಂದಾ ಪಾವತಿಸಿದ ಕುಟುಂಬಗಳಿಗೆ ವಾರಕ್ಕೊಮ್ಮೆ ನೇರವಾಗಿ ಸರಬರಾಜು ಮಾಡುವ ಕ್ರಮವನ್ನು ಚಂದಾ ಆಧಾರಿತ ಮಾರಾಟ ಎಂದು ಕರೆಯಲಾಗುತ್ತದೆ. ಇದರಲ್ಲಿ ಗ್ರಾಹಕರು ತಮಗೆ ಬೇಕಾದುದನ್ನು ಆರಿಸಿ ಕೊಳ್ಳುವುದಿಲ್ಲ. ಆ ವಾರ ತೋಟದಲ್ಲಿ ಕೊಯ್ಲಿಗೆ ಬಂದುದರಲ್ಲಿ ತಮ್ಮ ಪಾಲನ್ನು ಪಡೆಯುತ್ತಾರೆ.

ಈ ಕ್ರಮವು ಜಪಾನ್ ದೇಶದಲ್ಲಿ 1970ರ ದಶಕದಲ್ಲಿ ‘ತೇಯ್ಕೆಯಿ’ ಎಂಬ ಹೆಸರಿನಲ್ಲಿ ಬೆಳೆಯಿತು. ಅಮೆರಿಕದಲ್ಲಿ 1986ರಲ್ಲಿ ಇಂತಹ ಮೊದಲ ತೋಟಗಳು ಆರಂಭವಾದವು. ನಮ್ಮ ಭಾಗಕ್ಕೆ ಚಂದಾ ಪದ್ಧತಿ ಹೊಸದಾದರೂ, ಬೆಳೆಗಾರ ಮತ್ತು ಗ್ರಾಹಕರ ನಡುವಿನ ದೂರವನ್ನು ಕಡಿಮೆ ಮಾಡುವ ಪ್ರಯತ್ನ ಹಳೆಯದು. ಡಾ. ಎಂ.ಎಚ್. ಮರಿಗೌಡರವರ ಮುತುವರ್ಜಿಯಿಂದ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 2017ರಿಂದ ಫಾರ್ಮಿಜೆನ್ ಎಂಬ ಖಾಸಗಿ ಸಂಸ್ಥೆಯು ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿ 600 ಚದರ ಅಡಿಯ ತುಂಡುಗಳನ್ನು ಮಾಸಿಕ ಶುಲ್ಕದ ಮೇಲೆ ನಗರದ ಕುಟುಂಬಗಳಿಗೆ ನೀಡುವ ಕ್ರಮವನ್ನು ತಂದಿತು. (ಮಾಹಿತಿಗಾಗಿ ಮಾತ್ರ, ಇದು ಶಿಫಾರಸು ಅಲ್ಲ.)

ಜಿಲ್ಲೆಯ ಅನುಕೂಲತೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯ ಕೇಂದ್ರಸ್ಥಾನವು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿದೆ. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ, ಚಿಂತಾಮಣಿಯ ಟೊಮೆಟೊ ಮತ್ತು ಮಾವು, ಶಿಡ್ಲಘಟ್ಟದ ಹಿಪ್ಪುನೇರಳೆ, ಗೌರಿಬಿದನೂರಿನ ಮುಸುಕಿನ ಜೋಳ ಹೆಸರಾದವುಗಳು. 2013ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ‘ಬೆಂಗಳೂರು ನೀಲಿ’ ದ್ರಾಕ್ಷಿಯು ಹೆಸರಿನಲ್ಲಿ ಬೆಂಗಳೂರಿನದಾದರೂ ಅದರ ಬಳ್ಳಿಗಳು ಹೆಚ್ಚಾಗಿ ಇರುವುದು ಈ ಕಡೆಯ ಚಪ್ಪರಗಳಲ್ಲಿ.

ಬೆಳೆಯುವುದು ಇಲ್ಲಿನ ರೈತರಿಗೆ ಕಷ್ಟವಲ್ಲ, ಬೆಲೆ ಕಷ್ಟ. 2023ರ ಜುಲೈ ತಿಂಗಳಲ್ಲಿ ನೆರೆಯ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಪೆಟ್ಟಿಗೆಯ ಬೆಲೆ 2000 ರೂಪಾಯಿಗಳನ್ನು ದಾಟಿತ್ತು. ಆ ಬೆಲೆಯನ್ನು ಕಂಡು ನಾಟಿ ಮಾಡಿದವರ ಫಸಲು ಬರುವ ವೇಳೆಗೆ, ಅಂದರೆ ಸೆಪ್ಟೆಂಬರ್ ತಿಂಗಳಲ್ಲಿ, ದರ ಕುಸಿದಿತ್ತು. ಚಂದಾ ಪದ್ಧತಿಯಲ್ಲಿ ಜುಲೈ ತಿಂಗಳ ಅಂತಹ ಲಾಭ ದೊರೆಯುವುದಿಲ್ಲ, ಸೆಪ್ಟೆಂಬರ್ ತಿಂಗಳ ಅಂತಹ ನಷ್ಟವೂ ಆಗುವುದಿಲ್ಲ. ಈ ಎರಡನ್ನೂ ಒಪ್ಪಿಕೊಳ್ಳುವ ಮನಸ್ಸಿದ್ದವರು ಮಾತ್ರ ಇದನ್ನು ಕೈಗೊಳ್ಳುವುದು ಸೂಕ್ತ. ಮಂಡಿ ದರ ಏರಿದ ವಾರ ಚಂದಾದಾರರ ಪಾಲನ್ನು ಮಂಡಿಗೆ ಸಾಗಿಸಿದಲ್ಲಿ, ಮರುವರ್ಷ ಚಂದಾದಾರರು ಉಳಿಯುವುದಿಲ್ಲ.

ತೋಟದ ವಾರ

ಚಂದಾ ತೋಟದ ದುಡಿಮೆ ಒಂದೇ ಬೆಳೆಯ ದುಡಿಮೆಗಿಂತ ಭಿನ್ನವಾಗಿರುತ್ತದೆ. ಒಂದು ಎಕರೆ ಟೊಮೆಟೊ ಹಾಕಿದವರಿಗೆ ನಾಟಿ, ಕಟ್ಟುಕೋಲು, ಕೊಯ್ಲು ಎಂದು ಹಂತಗಳಿರುತ್ತವೆ. ಚಂದಾ ತೋಟದಲ್ಲಿ ಈ ಎಲ್ಲ ಹಂತಗಳೂ ಒಂದೇ ವಾರದಲ್ಲಿ ಇರುತ್ತವೆ: ಒಂದು ಮಡಿಯಲ್ಲಿ ಮೆಂತ್ಯ ಬಿತ್ತನೆ, ಪಕ್ಕದಲ್ಲಿ ಹುರುಳಿಕಾಯಿಗೆ ಕಳೆ, ಆಚೆ ಬೀಟ್‌ರೂಟ್ ಕೀಳುವ ಕೆಲಸ. ಸೊಪ್ಪನ್ನು ಬೆಳಗಿನ ಜಾವ, ಬಿಸಿಲೇರುವ ಮೊದಲೇ ಕೊಯ್ಯಬೇಕು. ಗಡ್ಡೆಗಳನ್ನು ಹಿಂದಿನ ಸಂಜೆಯೇ ಕಿತ್ತು ತೊಳೆದಿಡಬಹುದು. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ಪಾಳಿಯಲ್ಲಿ ಬರುವುದರಿಂದ, ರಾತ್ರಿ ಪಾಳಿಯ ವಾರ ಮನೆಯವರಲ್ಲಿ ಒಬ್ಬರು ತೋಟದಲ್ಲಿಯೇ ಮಲಗುವುದು ರೂಢಿ. ಹೆಚ್ಚಿನ ಕಡೆ ಕಟ್ಟು ಕಟ್ಟುವುದು, ತೂಗುವುದು, ವಿಂಗಡಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸವಾಗಿದ್ದು, ಖರ್ಚಿನ ಲೆಕ್ಕದಲ್ಲಿ ಈ ದುಡಿಮೆಯನ್ನು ಬರೆಯದಿರುವುದು ಸಾಮಾನ್ಯ ಲೋಪವಾಗಿದೆ. ಬರೆಯತಕ್ಕದ್ದು.

ಮಳೆ ಬಿದ್ದ ನಂತರ ಬದುಗಳಲ್ಲಿ ತಾನಾಗಿ ಬರುವ ಬೆರಕೆ ಸೊಪ್ಪನ್ನು ಮಂಡಿಯಲ್ಲಿ ಕೇಳುವವರು ಕಡಿಮೆ. ಚಂದಾ ಪೆಟ್ಟಿಗೆಯಲ್ಲಿ ಅದಕ್ಕೆ ಸ್ಥಾನವಿದೆ. ಚಳಿಗಾಲದಲ್ಲಿ ಸೊಗಡಿನ ಅವರೆ ಇರುವಷ್ಟು ಕಾಲ ಪೆಟ್ಟಿಗೆಯ ಬಗ್ಗೆ ಯಾರಿಂದಲೂ ದೂರು ಬರುವುದಿಲ್ಲ. ಮೇ ತಿಂಗಳಿನಿಂದ ಮಾವು ಕೈಹಿಡಿಯುತ್ತದೆ. ಮಾರ್ಚ್ ಮಧ್ಯದಿಂದ ಮುಂಗಾರಿನವರೆಗೆ ತರಕಾರಿ ಮಡಿಗಳು ತೆಳುವಾಗುತ್ತವೆ.

ಹಿಪ್ಪುನೇರಳೆ ಇರುವ ತೋಟಗಳಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. ತರಕಾರಿಗೆ ಸಿಂಪಡಿಸಿದ ಕೀಟನಾಶಕವು ಗಾಳಿಯಲ್ಲಿ ಸೊಪ್ಪಿನ ಮೇಲೆ ಬಿದ್ದರೆ ಅದನ್ನು ತಿಂದ ರೇಷ್ಮೆಹುಳು ಸಾಯುತ್ತದೆ. ಈ ಕಾರಣದಿಂದ ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳು ಸಿಂಪಡಣೆಯಲ್ಲಿ ಮೊದಲೇ ಕೈ ಬಿಗಿಹಿಡಿದಿರುತ್ತವೆ. ಚಂದಾದಾರರು ಬಯಸುವುದೂ ಇದನ್ನೇ.

ನೀರು ಮತ್ತು ಚಂದಾದಾರರ ಸಂಖ್ಯೆ

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿಗಳು ಮಳೆಯಾದಾಗ ಮಾತ್ರ ಹರಿಯುತ್ತವೆ. ತೋಟಗಳು ಕೊಳವೆಬಾವಿಯನ್ನೇ ನಂಬಿದ್ದು, ಸಾವಿರ ಅಡಿಗೂ ಹೆಚ್ಚು ಆಳ ಕೊರೆಯುವುದು ಈಗ ವಿಶೇಷವಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ತ್ಯಾಜ್ಯನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಇದರ ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು, ಕೆರೆಯಿಂದ ನೇರವಾಗಿ ತರಕಾರಿಗೆ ನೀರು ಹಾಯಿಸುವುದಲ್ಲ. ಹಸಿಯಾಗಿ ತಿನ್ನುವ ಸೊಪ್ಪು ಬೆಳೆಯುವವರು ಇದನ್ನು ಗಮನಿಸತಕ್ಕದ್ದು.

ಆದುದರಿಂದ ಚಂದಾದಾರರ ಸಂಖ್ಯೆಯನ್ನು ಜಮೀನಿನ ವಿಸ್ತೀರ್ಣದ ಮೇಲಾಗಲಿ, ಅಕ್ಟೋಬರ್ ತಿಂಗಳ ಕೊಳವೆಬಾವಿಯ ನೀರಿನ ಮೇಲಾಗಲಿ ನಿಗದಿಪಡಿಸಬಾರದು. ಏಪ್ರಿಲ್ ತಿಂಗಳ ನೀರಿನ ಮೇಲೆ ನಿಗದಿಪಡಿಸಬೇಕು. ಕುಟುಂಬಕ್ಕೆ ವಾರಕ್ಕೆ 5 ಕೆ.ಜಿ.ಯಂತೆ 20 ಕುಟುಂಬಗಳಿಗೆ ಒಂದು ಕ್ವಿಂಟಾಲ್ ಆಗುತ್ತದೆ. ಬೇಸಿಗೆಯಲ್ಲಿ ತೋಟವು ಅರ್ಧ ಕ್ವಿಂಟಾಲ್ ಮಾತ್ರ ಕೊಡಬಲ್ಲುದಾದರೆ, 10 ಚಂದಾದಾರರನ್ನು ಹೊಂದಿ ಉಳಿದ ಕಾಲದ ಹೆಚ್ಚುವರಿಯನ್ನು ಸಂತೆಗೆ ಕಳುಹಿಸುವುದು ಕ್ಷೇಮ. ಅಥವಾ ಬೇಸಿಗೆಯ ವಾರಗಳಿಗೆ ಚಂದಾ ಇಲ್ಲವೆಂದು ಆರಂಭದಲ್ಲಿಯೇ ಬರವಣಿಗೆಯಲ್ಲಿ ತಿಳಿಸಬಹುದು.

ಮುಂಗಡ ಹಣದ ಲೆಕ್ಕ

ಹೆಚ್ಚಿನ ತೊಂದರೆಗಳಿಗೆ ಎಡೆಯಾಗುವ ಅಂಶ ಇದಾಗಿರುತ್ತದೆ. ಉದಾಹರಣೆಗೆ, ವಾರಕ್ಕೆ 500 ರೂ.ನಂತೆ 12 ವಾರಗಳಿಗೆ ಪ್ರತಿ ಕುಟುಂಬದಿಂದ 6,000 ರೂ. ಪಡೆದಲ್ಲಿ, 20 ಕುಟುಂಬಗಳಿಂದ 1,20,000 ರೂ. ಕೈಸೇರುತ್ತದೆ. ಈ ಹಣವು ಬಂದ ದಿನ ಆದಾಯವಲ್ಲ, ಹೊಣೆ. ಐದು ವಾರ ಸರಬರಾಜು ಮಾಡಿದ ಮೇಲೆ 50,000 ರೂ. ಮಾತ್ರ ರೈತರದು, ಉಳಿದ 70,000 ರೂ. ಇನ್ನೂ ಚಂದಾದಾರರದು. ಪೂರ್ತಿ ಮುಂಗಡವನ್ನು ಹೊಸ ಕೊಳವೆಬಾವಿಗೆ ಹಾಕಿ, ನೀರು ಬೀಳದಿದ್ದಲ್ಲಿ, ರೈತರು ಬೆಳೆಯಲು ನೀರಿಲ್ಲದೆ 70,000 ರೂ. ಮೌಲ್ಯದ ತರಕಾರಿಗೆ ಸಾಲಗಾರರಾಗುತ್ತಾರೆ. ಮುಂಗಡವನ್ನು ಬೀಜ, ಗೊಬ್ಬರ, ಕೂಲಿಗೆ ಬಳಸಬಹುದು, ಕೊಳವೆಬಾವಿಗೆ ಬಳಸಬಾರದು. ಚಂದಾದಾರರ ಹಣಕ್ಕಾಗಿ ಪ್ರತ್ಯೇಕ ಉಳಿತಾಯ ಖಾತೆ ಇಡುವುದು ಒಳಿತು.

ಆಲಿಕಲ್ಲು, ರೋಗ ಅಥವಾ ಬರದಿಂದ ಫಸಲು ಕೈಕೊಟ್ಟರೆ ನಷ್ಟ ಯಾರದು ಎಂಬುದನ್ನು ಮೊದಲೇ ಒಂದು ಪುಟದ ಕರಾರಿನಲ್ಲಿ ಬರೆದುಕೊಳ್ಳಬೇಕು. ವಿದೇಶಗಳ ಪದ್ಧತಿಯಲ್ಲಿ ನಷ್ಟವನ್ನು ಉಭಯತರೂ ಹಂಚಿಕೊಳ್ಳುವುದು ಮೂಲ ತತ್ವ. ಇಲ್ಲಿ ಅದನ್ನು ಹೇಳದೆ ಹಣ ಪಡೆದಲ್ಲಿ ಗ್ರಾಹಕರು ಅಂಗಡಿಯ ನಿಯಮವನ್ನೇ ನಿರೀಕ್ಷಿಸುತ್ತಾರೆ. ಅದು ಅವರ ತಪ್ಪಲ್ಲ.

ಕಾನೂನು ಮತ್ತು ದಾಖಲೆಗಳು

ಸ್ವಂತ ಜಮೀನಿನ ಬೆಳೆಯನ್ನು ಮಾರುವ ಕೃಷಿಕರು ಅಷ್ಟರ ಮಟ್ಟಿಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ನೆರೆಯವರಿಂದ ಕೊಂಡು ಪೆಟ್ಟಿಗೆ ತುಂಬಿಸಿದಲ್ಲಿ ಅದು ವ್ಯಾಪಾರವೆನಿಸುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಹೊಲದ ಬೆಳೆಗೆ ಅನ್ವಯಿಸುವುದಿಲ್ಲ. ಆದರೆ ಉಪ್ಪಿನಕಾಯಿ, ದ್ರಾಕ್ಷಿ ರಸ ಮುಂತಾದವನ್ನು ಸೇರಿಸಿದಲ್ಲಿ ಅದರಡಿ ನೋಂದಣಿ ಅವಶ್ಯ. ಪ್ರಮಾಣೀಕರಣವಿಲ್ಲದೆ ‘ಜೈವಿಕ ಭಾರತ್’ ಚಿಹ್ನೆಯನ್ನು ಬಳಸುವಂತಿಲ್ಲ. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರತಕ್ಕದ್ದು.

ಹನಿ ನೀರಾವರಿ ಮುಂತಾದ ಸಹಾಯಧನ ಕೋರುವವರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಸಂಖ್ಯೆ ಪಡೆದು, ಪಹಣಿ, ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳೊಂದಿಗೆ ಆಯಾ ತಾಲ್ಲೂಕಿನ ತೋಟಗಾರಿಕೆ ಕಚೇರಿಯನ್ನು ಸಂಪರ್ಕಿಸುವುದು. ಪಹಣಿಯು ಮೃತಪಟ್ಟ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಉಳಿದಿದ್ದು, ಉಳುತ್ತಿರುವವರ ಹೆಸರಿಗೆ ಬಾರದಿರುವುದು ಅರ್ಜಿ ನಿಲ್ಲಲು ಸಾಮಾನ್ಯ ಕಾರಣವಾಗಿದೆ. ಅಂತಹವರು ಮೊದಲು ಪೌತಿ ಖಾತೆಗೆ ಅರ್ಜಿ ಸಲ್ಲಿಸತಕ್ಕದ್ದು. ಮಣ್ಣು ಹಾಗೂ ನೀರಿನ ಪರೀಕ್ಷೆ ಮತ್ತು ಬೆಳೆ ಯೋಜನೆಯ ಕುರಿತು ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನೀರಿನ ಮಾದರಿಯನ್ನು ಬೇಸಿಗೆಯಲ್ಲಿ ತೆಗೆಯುವುದು ಸೂಕ್ತ.