ಬಾಡಿಗೆ ಮೋಡೆಮ್ ಸಾಕಾ, ಸ್ವಂತದ್ದು ಬೇಕಾ? ಪುಣೆಯಲ್ಲಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಹಾಕಬೇಕಾದ ಲೆಕ್ಕ ಇಲ್ಲಿದೆ

ಪುಣೆ: ವಿಮಾನ ನಿಲ್ದಾಣ, ಐಟಿ ಪಾರ್ಕ್‌ಗಳು, ಸಿಂಬಯಾಸಿಸ್ ಕ್ಯಾಂಪಸ್ ಎಲ್ಲವೂ ಹತ್ತಿರವಿರುವ ವಿಮಾನ ನಗರದಲ್ಲಿ ಕೆಲಸಕ್ಕೆ, ಓದಿಗೆ ಬಂದು ಬಾಡಿಗೆ ಮನೆ ಹಿಡಿಯುವವರು ಬಹಳ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬೆಂಗಳೂರಿನಿಂದ ಬಂದ ಕನ್ನಡಿಗರೂ ಇವರಲ್ಲಿದ್ದಾರೆ. ಮನೆ ಸಿಕ್ಕ ಮೇಲೆ ಮೊದಲು ಬೇಕಾಗುವುದು ಗ್ಯಾಸ್ ಮತ್ತು ಇಂಟರ್‌ನೆಟ್. ಸಂಪರ್ಕ ಕೊಡಲು ಬರುವ ಹುಡುಗ ಕೇಳುವ ಪ್ರಶ್ನೆ ಒಂದೇ: "ಮೋಡೆಮ್ ನಮ್ಮದು ತಗೊಳ್ತೀರಾ, ನೀವೇ ತರ್ತೀರಾ?"

ಅವಸರದಲ್ಲಿ ಕೊಡುವ ಉತ್ತರದಿಂದ ವರ್ಷದ ಕೊನೆಗೆ ಸಾವಿರ, ಎರಡು ಸಾವಿರ ರೂಪಾಯಿ ವ್ಯತ್ಯಾಸವಾಗಬಹುದು. ಮನೆ ಖಾಲಿ ಮಾಡುವಾಗ ಠೇವಣಿಯೂ ಸಿಕ್ಕಿಹಾಕಿಕೊಳ್ಳಬಹುದು. ಹಾಗಾದರೆ ಯಾವುದು ಲಾಭ? ಇದನ್ನು ತೀರ್ಮಾನಿಸುವುದು ಮೂರು ಸಂಗತಿ: ಮನೆಗೆ ಬರುವ ತಂತಿ ಯಾವುದು, ಅಲ್ಲಿ ಎಷ್ಟು ತಿಂಗಳು ಇರುತ್ತೀರಿ, ಲ್ಯಾಂಡ್‌ಲೈನ್ ಫೋನ್ ಬೇಕೋ ಬೇಡವೋ.

ಮೋಡೆಮ್ ಬೇರೆ, ರೂಟರ್ ಬೇರೆ

ನಾವು ಎಲ್ಲವನ್ನೂ 'ಮೋಡೆಮ್' ಅಥವಾ 'ವೈಫೈ ಬಾಕ್ಸ್' ಎಂದೇ ಕರೆಯುತ್ತೇವೆ. ಆದರೆ ಆ ಪೆಟ್ಟಿಗೆಯೊಳಗೆ ಎರಡು ಕೆಲಸ ನಡೆಯುತ್ತವೆ. ಹೊರಗಿನ ತಂತಿಯಲ್ಲಿ ಬರುವ ಸಿಗ್ನಲ್ ಅನ್ನು ಇಂಟರ್‌ನೆಟ್ ಆಗಿ ಬದಲಿಸುವುದು ಮೋಡೆಮ್. ಫೈಬರ್ ಸಂಪರ್ಕದಲ್ಲಿ ಈ ಕೆಲಸ ಮಾಡುವ ಪೆಟ್ಟಿಗೆಗೆ ಒಎನ್‌ಟಿ ಎನ್ನುತ್ತಾರೆ. ಆ ಇಂಟರ್‌ನೆಟ್ ಅನ್ನು ಮನೆಯ ಮೊಬೈಲ್, ಲ್ಯಾಪ್‌ಟಾಪ್, ಟಿವಿಗಳಿಗೆ ವೈಫೈ ಮೂಲಕ ಹಂಚುವುದು ರೂಟರ್. ಈಗ ಬಹುತೇಕ ಕಂಪನಿಗಳು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತವೆ.

ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಮೋಡೆಮ್ ಭಾಗ ಕಂಪನಿಯ ಜಾಲಕ್ಕೆ ಅಂಟಿಕೊಂಡಿರುತ್ತದೆ, ಕಂಪನಿ ಬದಲಾದರೆ ಅದು ಕೆಲಸಕ್ಕೆ ಬರುವುದು ಅಪರೂಪ. ರೂಟರ್ ಭಾಗ ಹಾಗಲ್ಲ, ಎಲ್ಲಿಗೆ ಹೋದರೂ ನಿಮ್ಮ ಜೊತೆಗೇ ಬರುತ್ತದೆ.

ಯಾವ ಸಂಪರ್ಕಕ್ಕೆ ಏನು ಖರೀದಿಸಬಹುದು?

ಕೇಬಲ್ ಟಿವಿ ತಂತಿ: ಹ್ಯಾಥ್‌ವೇ, ಯೂ ಬ್ರಾಡ್‌ಬ್ಯಾಂಡ್‌ನಂಥ ಕಂಪನಿಗಳು ಪುಣೆ ಸೇರಿದಂತೆ ಹಲವು ನಗರಗಳಲ್ಲಿ ಟಿವಿ ಕೇಬಲ್ ಮೂಲಕವೇ ಇಂಟರ್‌ನೆಟ್ ಕೊಟ್ಟವು. ಇದಕ್ಕೆ 'ಡಾಕ್ಸಿಸ್' ಮಾನದಂಡದ ಕೇಬಲ್ ಮೋಡೆಮ್ ಬೇಕು. ಪ್ರತಿ ಮೋಡೆಮ್‌ನ ಮ್ಯಾಕ್ ವಿಳಾಸ ಕಂಪನಿಯಲ್ಲಿ ನೋಂದಣಿಯಾದರೆ ಮಾತ್ರ ಅದು ಚಾಲೂ ಆಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಮೋಡೆಮ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಅದನ್ನು ನೋಂದಾಯಿಸಿಕೊಳ್ಳುತ್ತೀರಾ ಎಂದು ಕಂಪನಿಯನ್ನು ಕೇಳಿ.

ಫೈಬರ್: ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್, ಟಾಟಾ ಪ್ಲೇ ಫೈಬರ್ ಎಲ್ಲವೂ ಈ ಬಗೆಯವು. ಒಎನ್‌ಟಿಯನ್ನು ಸಾಮಾನ್ಯವಾಗಿ ಕಂಪನಿಯೇ ಕೊಡುತ್ತದೆ. ಬಿಎಸ್‌ಎನ್‌ಎಲ್‌ನಲ್ಲಿ ಮಾತ್ರ ಗ್ರಾಹಕರು ಒಎನ್‌ಟಿಯನ್ನು ಸ್ವಂತಕ್ಕೆ ಕೊಳ್ಳುವ ದಾರಿ ಹಿಂದಿನಿಂದಲೂ ಇದೆ. ಉಳಿದ ಕಡೆ ಕಂಪನಿಯ ಪೆಟ್ಟಿಗೆ ಇಟ್ಟುಕೊಂಡು, ಅದಕ್ಕೆ ನಿಮ್ಮ ರೂಟರ್ ಜೋಡಿಸಬಹುದು.

ಕಟ್ಟಡದವರೆಗೆ ಫೈಬರ್, ಮನೆಗೆ ಲ್ಯಾನ್ ಕೇಬಲ್: ಅನೇಕ ಸ್ಥಳೀಯ ಆಪರೇಟರ್‌ಗಳ ಪದ್ಧತಿ ಇದು. ಇಲ್ಲಿ ಮನೆಯೊಳಗೆ ಮೋಡೆಮ್ ಬೇಕಾಗುವುದೇ ಇಲ್ಲ. ರೂಟರ್‌ನಲ್ಲಿ ಅವರು ಕೊಡುವ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿದರೆ ಸಾಕು. ಇಂಥ ಕಡೆ 'ಮೋಡೆಮ್ ಬಾಡಿಗೆ' ಎಂದು ಯಾರಾದರೂ ಕೇಳಿದರೆ ಅದು ಯಾವುದಕ್ಕೆ ಎಂದು ವಿಚಾರಿಸಿ.

ಏರ್‌ಫೈಬರ್: ಜಿಯೋ 2023ರ ಸೆಪ್ಟೆಂಬರ್ 19ರಂದು ಪುಣೆ, ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಇದನ್ನು ಆರಂಭಿಸಿತು. ತಾರಸಿ ಅಥವಾ ಕಿಟಕಿಯ ಹೊರಗೆ ಕೂರಿಸುವ ಉಪಕರಣ 5ಜಿ ಸಿಗ್ನಲ್ ಹಿಡಿಯುತ್ತದೆ. ಉಪಕರಣ ಕಂಪನಿಯದೇ. ಅದನ್ನು ಕೂರಿಸಲು ಮನೆ ಮಾಲೀಕರ ಒಪ್ಪಿಗೆ ಮೊದಲೇ ಪಡೆಯುವುದು ಒಳ್ಳೆಯದು.

ಅಮೆರಿಕದಲ್ಲಿರುವ ಬಂಧುಗಳ ಸಲಹೆ ಇಲ್ಲಿ ನಡೆಯುತ್ತಾ?

"ಬಾಡಿಗೆ ಕಟ್ಟಬೇಡ, ಮೋಡೆಮ್ ಕೊಂಡುಬಿಡು" ಎಂಬುದು ಅಮೆರಿಕದಲ್ಲಿ ಸರಿಯಾದ ಮಾತು. ಅಲ್ಲಿ ಕೇಬಲ್ ಇಂಟರ್‌ನೆಟ್ ಹೆಚ್ಚು. 1997ರಲ್ಲಿ ಬಂದ ಡಾಕ್ಸಿಸ್ ಮಾನದಂಡದಿಂದಾಗಿ ಅಂಗಡಿಯಲ್ಲಿ ಸಿಗುವ ಮೋಡೆಮ್ ಬೇರೆ ಬೇರೆ ಕಂಪನಿಗಳ ಜಾಲದಲ್ಲಿ ಕೆಲಸ ಮಾಡುತ್ತದೆ. ತಿಂಗಳ ಬಾಡಿಗೆ 10ರಿಂದ 15 ಡಾಲರ್ ಇದ್ದಾಗ ವರ್ಷದೊಳಗೇ ಖರೀದಿ ಹಣ ಹುಟ್ಟುತ್ತದೆ. ಗ್ರಾಹಕರು ತಮ್ಮದೇ ಉಪಕರಣ ಬಳಸುತ್ತಿದ್ದರೆ ಬಾಡಿಗೆ ಹಾಕುವಂತಿಲ್ಲ ಎಂದು 2019ರಲ್ಲಿ ಅಲ್ಲಿ ಕಾನೂನೇ ಬಂತು. 2020ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ.

ನಮ್ಮಲ್ಲಿ ಫೈಬರ್ ಹೆಚ್ಚು, ಬಾಡಿಗೆ ಕಡಿಮೆ, ಒಎನ್‌ಟಿ ಕಂಪನಿಯ ಕೈಯಲ್ಲಿದೆ. ಹಾಗಾಗಿ ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತರಲಾಗದು.

ಬಾಡಿಗೆ ಮತ್ತು ಖರೀದಿ: ಸರಳ ಲೆಕ್ಕ

ಒಂದು ಉದಾಹರಣೆ ನೋಡೋಣ. ತಿಂಗಳಿಗೆ 100 ರೂ. ಬಾಡಿಗೆ ಎಂದುಕೊಳ್ಳಿ. ಶೇ.18 ಜಿಎಸ್‌ಟಿ ಸೇರಿದರೆ 118 ರೂ. ಹನ್ನೊಂದು ತಿಂಗಳಿಗೆ 1,298 ರೂ., ಎರಡು ವರ್ಷಕ್ಕೆ 2,832 ರೂ. ಆಗುತ್ತದೆ. ಅದೇ ಬಗೆಯ ಉಪಕರಣ 1,800 ರೂ.ಗೆ ಸಿಕ್ಕರೆ 16ನೇ ತಿಂಗಳಿನಿಂದ ಖರೀದಿಯೇ ಲಾಭ.

ಬಾಡಿಗೆ 50 ರೂ. ಮಾತ್ರ ಇದ್ದರೆ? ಜಿಎಸ್‌ಟಿ ಸೇರಿ 59 ರೂ. ಆಗ 1,800 ರೂ. ಹುಟ್ಟಲು ಎರಡೂವರೆ ವರ್ಷ ಬೇಕು. ಅಷ್ಟರಲ್ಲಿ ಉಪಕರಣ ಕೆಟ್ಟರೆ ಬಾಡಿಗೆಯದನ್ನು ಸಾಮಾನ್ಯವಾಗಿ ಕಂಪನಿ ಬದಲಿಸಿಕೊಡುತ್ತದೆ, ಸ್ವಂತದ್ದಾದರೆ ವಾರಂಟಿ ಮುಗಿದ ಮೇಲಿನ ಖರ್ಚು ನಿಮ್ಮದು.

ನಿಮ್ಮ ಲೆಕ್ಕಕ್ಕೆ ಸೂತ್ರ ಸುಲಭ: ಖರೀದಿ ಬೆಲೆಯನ್ನು ಜಿಎಸ್‌ಟಿ ಸೇರಿದ ತಿಂಗಳ ಬಾಡಿಗೆಯಿಂದ ಭಾಗಿಸಿ. ಬರುವ ಸಂಖ್ಯೆಗಿಂತ ಹೆಚ್ಚು ತಿಂಗಳು ಅದೇ ಕಂಪನಿಯಲ್ಲಿ ಇರುತ್ತೀರಿ ಎಂದಾದರೆ ಮಾತ್ರ ಖರೀದಿಸಿ.

ಠೇವಣಿ ಮತ್ತು ಶುಲ್ಕ ಒಂದೇ ಅಲ್ಲ

ಬಾಡಿಗೆ ಎಂಬ ಪದವೇ ಇಲ್ಲದೆ ಠೇವಣಿ ಪಡೆಯುವುದು ಇನ್ನೊಂದು ಪದ್ಧತಿ. 2019ರ ಸೆಪ್ಟೆಂಬರ್‌ನಲ್ಲಿ ಜಿಯೋಫೈಬರ್ ವಾಣಿಜ್ಯ ಸೇವೆ ಆರಂಭವಾದಾಗ ಗ್ರಾಹಕರು ಕಟ್ಟಬೇಕಿದ್ದ 2,500 ರೂ.ಗಳಲ್ಲಿ 1,500 ರೂ. ಮರಳಿ ಸಿಗುವ ಠೇವಣಿ, 1,000 ರೂ. ಮರಳಿ ಸಿಗದ ಇನ್‌ಸ್ಟಾಲೇಷನ್ ಶುಲ್ಕ. ಇಂದು ಯಾವುದೇ ಕಂಪನಿಗೆ ಹಣ ಕಟ್ಟುವಾಗಲೂ ಇದೇ ಪ್ರಶ್ನೆ ಕೇಳಿ: ಇದರಲ್ಲಿ ವಾಪಸ್ ಬರುವುದು ಎಷ್ಟು? ಉತ್ತರ ರಸೀದಿಯಲ್ಲಿ ಬರಹದಲ್ಲೇ ಇರಲಿ.

11 ತಿಂಗಳ ಕರಾರು, 12 ತಿಂಗಳ ಪ್ಲಾನ್

ಪುಣೆಯಲ್ಲಿ ಬಾಡಿಗೆ ಮನೆಯ 'ಲೀವ್ ಅಂಡ್ ಲೈಸೆನ್ಸ್' ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಆದರೆ ಇಂಟರ್‌ನೆಟ್ ಕಂಪನಿಗಳು 'ರೂಟರ್ ಉಚಿತ, ಇನ್‌ಸ್ಟಾಲೇಷನ್ ಉಚಿತ' ಎನ್ನುವುದು ಬಹುಮಟ್ಟಿಗೆ 6 ಅಥವಾ 12 ತಿಂಗಳ ಹಣ ಮುಂಗಡ ಕಟ್ಟಿದವರಿಗೆ. ಕರಾರು ನವೀಕರಣವಾಗದಿದ್ದರೆ 12ನೇ ತಿಂಗಳ ಹಣ ಏನಾಗುತ್ತದೆ? ಹೊಸ ಮನೆಗೆ ಸಂಪರ್ಕ ವರ್ಗಾಯಿಸಬಹುದು, ಆದರೆ ಆ ಕಟ್ಟಡದಲ್ಲಿ ಅದೇ ಕಂಪನಿಯ ಜಾಲ ಇರಬೇಕು. ಅನೇಕ ಹೌಸಿಂಗ್ ಸೊಸೈಟಿಗಳಲ್ಲಿ ಒಂದೆರಡು ಕಂಪನಿಗಳ ತಂತಿ ಮಾತ್ರ ಇರುತ್ತದೆ.

ಆದ್ದರಿಂದ ಕರಾರಿನ ಅವಧಿ ಮೀರದ ಪ್ಲಾನ್ ಆರಿಸುವುದು ಜಾಣತನ. ಹೊಸಬರು ಮೊದಲ ಒಂದೆರಡು ತಿಂಗಳು ಮಾಸಿಕ ಪ್ಲಾನ್ ಹಾಕಿಸಿಕೊಂಡು, ಸೇವೆ ಚೆನ್ನಾಗಿದ್ದರೆ ಆರು ತಿಂಗಳದ್ದಕ್ಕೆ ಬದಲಿಸಬಹುದು.

ಲ್ಯಾಂಡ್‌ಲೈನ್ ಬೇಕಿದ್ದರೆ ಲೆಕ್ಕವೇ ಬೇರೆ

ಹಳೆಯ ತಾಮ್ರದ ತಂತಿಯ ಫೋನ್‌ಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ರಿಂಗಾಗುತ್ತಿತ್ತು. ಫೈಬರ್ ಫೋನ್ ಹಾಗಲ್ಲ. ಕರೆ ಕೂಡ ಇಂಟರ್‌ನೆಟ್ ದಾರಿಯಲ್ಲೇ ಹೋಗುತ್ತದೆ, ಫೋನಿನ ತಂತಿ ಒಎನ್‌ಟಿಯ ಹಿಂದಿನ ಸಣ್ಣ ಪೋರ್ಟ್‌ಗೆ ಸೇರುತ್ತದೆ. ಕರೆಂಟ್ ಹೋಗಿ ಒಎನ್‌ಟಿ ಆಫ್ ಆದರೆ ಫೋನೂ ಆಫ್. ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇದ್ದು ಲ್ಯಾಂಡ್‌ಲೈನ್ ನೆಚ್ಚಿಕೊಂಡಿದ್ದರೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಸಿ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಹೊಂದಿಕೆಯಾಗುತ್ತವೆಯೇ ನೋಡಿ.

ಕರೆಗೆ ಬೇಕಾದ ಸೆಟ್ಟಿಂಗ್ ಅನ್ನು ಕಂಪನಿ ತನ್ನ ಪೆಟ್ಟಿಗೆಯಲ್ಲೇ ಅಳವಡಿಸಿರುತ್ತದೆ. ಅದನ್ನು ತೆಗೆದು ಅಂಗಡಿಯ ರೂಟರ್ ಒಂದನ್ನೇ ಇಟ್ಟರೆ ಡಯಲ್ ಟೋನ್ ಬರುವುದಿಲ್ಲ. ಫೋನ್ ಬೇಕಿದ್ದವರು ಕಂಪನಿಯ ಪೆಟ್ಟಿಗೆಯನ್ನು ಹಾಗೇ ಉಳಿಸಿಕೊಂಡು, ವೈಫೈಗೆ ಮಾತ್ರ ಸ್ವಂತ ರೂಟರ್ ಸೇರಿಸಬೇಕು. ಇನ್ನೊಂದು ವಿಷಯ: ಪುಣೆಯ 020 ಕೋಡ್‌ನ ನಂಬರ್ ಹುಬ್ಬಳ್ಳಿಗೋ ಬೆಂಗಳೂರಿಗೋ ನಿಮ್ಮೊಂದಿಗೆ ಬರುವುದಿಲ್ಲ. ಮೊಬೈಲ್‌ಗೆ ಇರುವ ಪೋರ್ಟಬಿಲಿಟಿ ಲ್ಯಾಂಡ್‌ಲೈನ್‌ಗೆ ಇಲ್ಲ. ಬ್ಯಾಂಕ್ ದಾಖಲೆಗಳಿಗೆ ಆ ನಂಬರ್ ಕೊಡದಿರುವುದೇ ವಾಸಿ.

ಸ್ವಂತ ರೂಟರ್ ಕೊಳ್ಳುವಾಗ ಇವನ್ನು ನೋಡಿ

* ಪೋರ್ಟ್ ವೇಗ: ಅಗ್ಗದ ರೂಟರ್‌ಗಳ ಪೋರ್ಟ್ '10/100' ಎಂದಿರುತ್ತದೆ. ನೀವು 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಅದು 100 ದಾಟುವುದಿಲ್ಲ. 'ಗಿಗಾಬಿಟ್' ಪೋರ್ಟ್ ಇರಲಿ.
* ಎರಡು ಬ್ಯಾಂಡ್: ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ವೈಫೈಗಳಿಂದ 2.4 ಗಿಗಾಹರ್ಟ್ಸ್ ತುಂಬಿ ಹೋಗಿರುತ್ತದೆ. 5 ಗಿಗಾಹರ್ಟ್ಸ್ ಕೂಡ ಇರುವ ರೂಟರ್ ಬೇಕು.
* ಪಾಸ್‌ವರ್ಡ್: ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವ ಹೊಣೆಯೂ ನಿಮ್ಮದೇ.

ಮನೆ ಖಾಲಿ ಮಾಡುವಾಗ ಠೇವಣಿ ಕಳೆದುಕೊಳ್ಳಬೇಡಿ

ರೂಮ್‌ಮೇಟ್‌ಗಳು ಸೇರಿ ಹಣ ಹಾಕಿದರೂ ಸಂಪರ್ಕ ಒಬ್ಬರ ಹೆಸರಿನಲ್ಲೇ ಇರುತ್ತದೆ. ಅವರು ಮೊದಲೇ ಊರು ಬಿಟ್ಟರೆ ಉಳಿದವರು ಠೇವಣಿ ಕೇಳುವುದು ಕಷ್ಟ. ಯಾರ ಹೆಸರಿನಲ್ಲಿದೆ, ಯಾರ ಪಾಲು ಎಷ್ಟು ಎಂಬುದನ್ನು ಗುಂಪಿನ ವಾಟ್ಸಾಪ್‌ನಲ್ಲಾದರೂ ಬರೆದಿಡಿ.

ಸಂಪರ್ಕ ರದ್ದುಪಡಿಸುವ ಕೋರಿಕೆಯನ್ನು ಆ್ಯಪ್ ಅಥವಾ ಇಮೇಲ್‌ನಲ್ಲಿ ಸಲ್ಲಿಸಿ, ದೂರು ಸಂಖ್ಯೆ ಇಟ್ಟುಕೊಳ್ಳಿ. ಪೆಟ್ಟಿಗೆ, ಅಡಾಪ್ಟರ್, ರಿಮೋಟ್, ಸೆಟ್‌ಟಾಪ್ ಬಾಕ್ಸ್ ಎಲ್ಲದರ ಫೋಟೊ ತೆಗೆಯಿರಿ, ಸೀರಿಯಲ್ ನಂಬರ್ ಕಾಣುವಂತಿರಲಿ. ಒಯ್ಯಲು ಬಂದವರಿಂದ ಸ್ವೀಕೃತಿ ಪಡೆಯದೆ ಏನನ್ನೂ ಕೊಡಬೇಡಿ. ಮನೆ ಮಾಲೀಕರ ಬಳಿಯೋ ಸೆಕ್ಯುರಿಟಿ ಬಳಿಯೋ ಬಿಟ್ಟು ಹೋದರೆ ನಂತರ ಅದು 'ಬಂದಿಲ್ಲ' ಎಂದಾಗಬಹುದು.

ಠೇವಣಿ ಮರಳಿಸಲು ಟ್ರಾಯ್ ನಿಯಮಗಳಲ್ಲಿ ಕಾಲಮಿತಿ ಇದೆ. ಹಣ ಬಾರದಿದ್ದರೆ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಣೆ ಮಾಡಬಹುದು ಎಂದು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ.

ಕೊನೆಗೆ ಯಾರಿಗೆ ಯಾವುದು?

* ಒಂದು ವರ್ಷದೊಳಗೆ ಮನೆ ಬದಲಿಸುವವರು, ವಿದ್ಯಾರ್ಥಿಗಳು: ಕಂಪನಿಯ ಪೆಟ್ಟಿಗೆಯೇ ಸಾಕು. ಮರಳಿ ಸಿಗುವ ಠೇವಣಿ ಇರುವ ಪ್ಲಾನ್ ಆರಿಸಿ.
* ಎರಡು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಇರುವವರು: ಬಾಡಿಗೆ 100 ರೂ. ಆಸುಪಾಸಿನಲ್ಲಿದ್ದು ಕಂಪನಿ ಒಪ್ಪಿದರೆ ಖರೀದಿಸಿ.
* ಮನೆಯಿಂದಲೇ ಕೆಲಸ ಮಾಡುವವರು: ಕಂಪನಿಯ ಒಎನ್‌ಟಿ ಇರಲಿ, ಒಳ್ಳೆಯ ವೈಫೈ ರೂಟರ್ ಮಾತ್ರ ಸ್ವಂತದ್ದಾಗಿರಲಿ.
* ಲ್ಯಾಂಡ್‌ಲೈನ್ ಬೇಕಾದವರು: ಕಂಪನಿಯ ಪೆಟ್ಟಿಗೆಯನ್ನು ತೆಗೆಯಬೇಡಿ, ಜೊತೆಗೆ ಯುಪಿಎಸ್ ಇರಲಿ.

ಹಣ ಹಾಕುವುದಾದರೆ ಮುಂದಿನ ಮನೆಗೂ ಒಯ್ಯಬಹುದಾದ ವಸ್ತುವಿಗೆ ಹಾಕಿ. ಪುಣೆಯ ವಿಮಾನ ನಗರದಿಂದ ಬೆಂಗಳೂರಿನ ವಿಜಯನಗರಕ್ಕೆ ಹೋದರೂ ರೂಟರ್ ಕೆಲಸಕ್ಕೆ ಬರುತ್ತದೆ, ಒಎನ್‌ಟಿ ಬರುವುದು ಅನುಮಾನ.