ನಡಿಗೆ, ನಡವಳಿಕೆ ಮತ್ತು ಕಿರುಮೆದುಳು

ಎಲ್ಲಿದೆ, ಎಷ್ಟಿದೆ

ತಲೆಯ ಹಿಂಬದಿಯಲ್ಲಿ, ಹೆಡಕಿನ ತುಸು ಮೇಲೆ ಕಿರುಮೆದುಳಿದೆ. ಮೆದುಳಿನ ತೂಕದಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು. ಆದರೆ 2009ರ ಎಣಿಕೆಯಂತೆ ಒಟ್ಟು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇಲ್ಲಿಯೇ ಇವೆ. ಇಷ್ಟೆಲ್ಲ ಇರುವುದು ಮೈಯ ಸಮತೋಲ ಕಾಯಲಿಕ್ಕಷ್ಟೇ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು.

ಪಾರಿಜಾತದ ಆಟದಲ್ಲಿ

ಮುಂದಾಗುವುದನ್ನು ಊಹಿಸುವುದು, ಊಹೆ ತಪ್ಪಿದರೆ ತಿದ್ದುವುದು ಕಿರುಮೆದುಳಿನ ಕಸುಬು. ಇದಕ್ಕೊಂದು ಉದಾಹರಣೆ ಶ್ರೀಕೃಷ್ಣ ಪಾರಿಜಾತ, ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರಿಂದ ಗೋಕಾಕ–ಮೂಡಲಗಿ ಸೀಮೆಯಲ್ಲಿ ಬೆಳೆದ ಜಾನಪದ ಆಟ. ಆಟದಲ್ಲಿ ಭಾಗವತ ಎತ್ತಿದ ಕೀಟಲೆ ಮಾತಿಗೆ ದೂತಿ ಅಲ್ಲಿಯೇ ಮರುಮಾತು ಕೊಡಬೇಕು. ತಾಳ ಬಿಡುವಂತಿಲ್ಲ, ಹೆಜ್ಜೆ ತಪ್ಪುವಂತಿಲ್ಲ, ದನಿಯಲ್ಲಿ ಸಿಟ್ಟೋ ಸಲಿಗೆಯೋ ಹದವಾಗಿ ಹೊಮ್ಮಬೇಕು. ಹೆಜ್ಜೆಯ ಲೆಕ್ಕ ಹೆಚ್ಚಾಗಿ ಕಿರುಮೆದುಳಿನ ಮುಂಭಾಗದ್ದು, ಮಾತು–ಯೋಚನೆಗಳದ್ದು ಹಿಂಭಾಗದ್ದು. ಭಾವನೆಯ ನಂಟು ನಡುಪಟ್ಟಿಯಾದ ವರ್ಮಿಸ್‌ಗೆ.

1998ರ ಅಧ್ಯಯನ

ಬಾಸ್ಟನ್ನಿನ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ ಕಿರುಮೆದುಳಿಗೆ ಮಾತ್ರ ಕಾಯಿಲೆಯಿದ್ದ 20 ಮಂದಿಯನ್ನು ಪರೀಕ್ಷಿಸಿದರು. ಯೋಜನೆ ಹಾಕುವುದು, ಪದ ಹುಡುಕುವುದು, ಜಾಗದ ಅಂದಾಜು ಇವೆಲ್ಲ ಅವರಲ್ಲಿ ಸೊರಗಿದ್ದವು. ಕೆಲವರು ಭಾವನೆಯೇ ಇಲ್ಲದಂತಾಗಿದ್ದರು, ಕೆಲವರು ಅಂಕೆಯಿಲ್ಲದೆ ವರ್ತಿಸುತ್ತಿದ್ದರು. ಶ್ಮಾಮನ್ ಅವರ ವಾದದಂತೆ ಅಳತೆ ತಪ್ಪುವುದು ಕೈಕಾಲಷ್ಟೇ ಅಲ್ಲ, ವಿಚಾರವೂ.

ಮದ್ಯ, ಮಾತ್ರೆ, ಮನೋರೋಗ

ಕುಡಿದವನ ತೂರಾಟ ಕಿರುಮೆದುಳಿನದೇ. ವರ್ಷಗಟ್ಟಲೆ ಕುಡಿದ ಕೆಲವರಲ್ಲಿ ವರ್ಮಿಸ್ ಸವೆದು, ಕುಡಿಯದ ದಿನವೂ ಕಾಲು ನೆಟ್ಟಗೆ ಬೀಳುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿದರೂ ಇದೇ ತೂರಾಟ, ಜೊತೆಗೆ ಮಾತಿನ ತೊದಲು. ಅಂಥವನನ್ನು ನೋಡಿ ಓಣಿಯವರು “ಇವತ್ತೂ ಕುಡದ ಬಂದಾನ” ಅಂದುಬಿಟ್ಟರೆ ಮುಗಿಯಿತು, ಮಾತ್ರೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಫಿಟ್ಸ್ ಮರುಕಳಿಸಬಹುದು.

ಸ್ಕಿಜೋಫ್ರೇನಿಯಾ, ಆಟಿಸಂಗಳಲ್ಲೂ ಕಿರುಮೆದುಳಿನ ವ್ಯತ್ಯಾಸಗಳು ಕಂಡಿವೆ. ಅದೇ ಕಾರಣವೆನ್ನುವುದು ಅವಸರದ ಮಾತು. ರಾಂಚಿಯ ಕೇಂದ್ರೀಯ ಮನೋಚಿಕಿತ್ಸಾ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಮಿಸ್‌ಗೆ ಕಾಂತೀಯ ಪ್ರಚೋದನೆ ಕೊಟ್ಟಾಗ ಸ್ಕಿಜೋಫ್ರೇನಿಯಾ ರೋಗಿಗಳ ನಿರಾಸಕ್ತಿಯಂಥ ಲಕ್ಷಣಗಳು ತಗ್ಗಿದ್ದವು. ಇದಿನ್ನೂ ಎಲ್ಲೆಡೆ ಸಿಗುವ ಚಿಕಿತ್ಸೆಯಲ್ಲ.

ಎಲ್ಲಿ ತೋರಿಸಬೇಕು

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮಕ್ಕೆ ಗೋಕಾಕ, ಹುಕ್ಕೇರಿಯವರು ಮೊದಲೇ ವಿಚಾರಿಸಿಕೊಂಡು ಹೋಗಬಹುದು. ನರ ಮತ್ತು ಮನಸ್ಸು ಎರಡನ್ನೂ ನೋಡುವ ಡಿಮ್ಹಾನ್ಸ್ ಆಸ್ಪತ್ರೆ ಧಾರವಾಡದಲ್ಲಿದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ವೈದ್ಯರ ಮುಂದೆ ಮನೆಯವರು ರೋಗಿಯ ಸಿಟ್ಟಿನ ವಿಷಯವಷ್ಟೇ ಹೇಳಿ ಸುಮ್ಮನಾಗುವುದುಂಟು. ನಡಿಗೆ ಯಾವಾಗಿನಿಂದ ಬದಲಾಯಿತು, ಯಾವ ಮಾತ್ರೆ ನಡೆದಿದೆ ಎಂಬುದನ್ನೂ ಹೇಳಬೇಕು. ಹಳೆಯ ಔಷಧಿ ಚೀಟಿ ಕೈಯಲ್ಲಿರಲಿ.