ಸಂತಪುರ ಸೀಮೆ ಮತ್ತು ಸಂಚಾರಿ ಸಿನಿಮಾ

ಬೀದರ, ಭಾಲ್ಕಿ, ಔರಾದ ಪಟ್ಟಣಗಳನ್ನು ಒಳಗೊಂಡ ಸಂತಪುರದ ಸುತ್ತಣ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ, ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಭಾಷೆಗಳೂ ಬಳಕೆಯಲ್ಲಿರುವ ಗಡಿನಾಡು. ಔರಾದಿನ ಅಮರೇಶ್ವರ, ಖಾನಾಪುರದ ಮೈಲಾರ ಮಲ್ಲಣ್ಣ ಮತ್ತು ಅಷ್ಟೂರಿನ ಅಹಮದ್ ಶಾ ವಲಿಯ ಹೆಸರಿನ ಜಾತ್ರೆಗಳಲ್ಲಿ ಸಾವಿರಾರು ಜನ ನೆರೆಯುವ ಈ ನಾಡನ್ನು ಬಿಟ್ಟು ಸಂಚಾರಿ ಸಿನಿಮಾದ ಚರಿತ್ರೆಯನ್ನು ಬರೆಯಲಾಗದು. ಏಕೆಂದರೆ ಚಿತ್ರಮಂದಿರಗಳು ಪಟ್ಟಣ ದಾಟದಿದ್ದ ಕಾಲದಲ್ಲಿ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಹಳ್ಳಿಗರಿಗೆ ಸಿನಿಮಾ ತೋರಿಸಿದ್ದು ಬಹುಮಟ್ಟಿಗೆ ಜಾತ್ರೆಯ ಬಯಲಿನ ಡೇರೆಯೇ.

ಈ ಕಸುಬು ಟಾಕಿ ಚಿತ್ರಗಳಿಗಿಂತ ಹಳೆಯದು. ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರ ಪ್ರದರ್ಶನವಾದ ಹತ್ತು ವರ್ಷದೊಳಗೆ, ತಿರುಚಿನಾಪಳ್ಳಿಯ ರೈಲ್ವೆ ಗುಮಾಸ್ತ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚರೊಬ್ಬರಿಂದ ಯಂತ್ರ ಕೊಂಡು ಊರೂರು ಸುತ್ತತೊಡಗಿದರು. ಆಗ್ನೇಯ ಏಷ್ಯಾದಲ್ಲಿ ಡೇರೆ ಪ್ರದರ್ಶನ ನಡೆಸಿದ ಅಬ್ದುಲ್ ಅಲಿ ಯೂಸುಫ್ ಅಲಿ 1908ರ ಬಳಿಕ ಭಾರತದಲ್ಲೂ ಅದನ್ನೇ ಮುಂದುವರಿಸಿದರು. ಮೈಸೂರು ರಾಜ್ಯದ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಇಂಥ ಪ್ರದರ್ಶನಗಳನ್ನು ಟೂರಿಂಗ್ ಸಿನಿಮಾ, ಅಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ ಮತ್ತು ಆವರಣ, ಎಂದು ಪ್ರತ್ಯೇಕವಾಗಿ ಗುರುತಿಸಿತು.

ಡೇರೆಯ ಮಾಲೀಕ ಎದುರಿಸುತ್ತಿದ್ದ ಮೊದಲ ಪ್ರಶ್ನೆ ಭಾರದ್ದು. 35 ಮಿಲಿಮೀಟರ್ ಅಗಲದ ಫಿಲ್ಮು ಸೆಕೆಂಡಿಗೆ 24 ಚಿತ್ರಚೌಕಗಳಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚಾಗುವುದರಿಂದ, ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕ ಸುರುಳಿಯನ್ನು ಹೊರಬೇಕಿತ್ತು. 1923ರಲ್ಲಿ ಬಂದ 16 ಮಿಲಿಮೀಟರ್ ಫಿಲ್ಮಿಗೆ ನಿಮಿಷಕ್ಕೆ 36 ಅಡಿಯೇ ಸಾಕಾಗುತ್ತಿತ್ತು, ಅದು ಸುಲಭವಾಗಿ ಹೊತ್ತಿಕೊಳ್ಳುತ್ತಲೂ ಇರಲಿಲ್ಲ. ಹೀಗಾಗಿ ಸರ್ಕಾರದ ಪ್ರಚಾರ ವಾಹನಗಳು ಅದನ್ನೇ ನೆಚ್ಚಿದವು. ಆದರೆ ಚೌಕ ಚಿಕ್ಕದಾದಷ್ಟೂ ದೊಡ್ಡ ಪರದೆಯ ಮೇಲೆ ಚಿತ್ರ ಮಸುಕಾಗುವುದರಿಂದ, ಟಿಕೆಟ್ಟಿನ ಹಣ ನಂಬಿದವರು ಭಾರವನ್ನು ಸಹಿಸಿ 35ನ್ನೇ ಹಿಡಿದರು. ಬೆಳಕಿಗಾಗಿ ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ ಹಾಯಿಸಿ ಕಣ್ಣು ಕೋರೈಸುವ ಉರಿ ಎಬ್ಬಿಸಲಾಗುತ್ತಿತ್ತು. ಉರಿದಂತೆಲ್ಲ ಕಡ್ಡಿಗಳು ಸವೆದು ಅಂತರ ಹೆಚ್ಚುತ್ತಿದ್ದುದರಿಂದ, ಅವನ್ನು ಆಗಾಗ ಹತ್ತಿರ ತಾರದೆ ಹೋದರೆ ಪರದೆ ಮಂಕಾಗುತ್ತಿತ್ತು. ಒಂದೇ ಯಂತ್ರವಿದ್ದಲ್ಲಿ ಪ್ರತಿ ರೀಲು ಮುಗಿದಾಗಲೂ ಆಟ ನಿಲ್ಲುತ್ತಿತ್ತು. ಇದೆಲ್ಲವೂ ಜನರೇಟರಿನ ಭರವಸೆಯಲ್ಲಿ, ಧೂಳಿನ ನಡುವೆ ನಡೆಯುತ್ತಿದ್ದ ದುಡಿಮೆ.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂದ ಬಳಿಕ ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವ ರೂಢಿ ಬೆಳೆಯಿತು; ಮುಂದೆ ಒಂದು ಸಿನಿಮಾಕ್ಕೆ ಎರಡು ಮೂರು ತಟ್ಟೆ ಬೇಕಾಗುತ್ತಿದ್ದ ವಿಸಿಡಿ ಬಂತು. ಈ ನಡುವೆ ಕಂಪ್ಯೂಟರೂ ಹಗುರವಾಗುತ್ತ ಸಿನಿಮಾ ನೋಡುವ ಸಾಧನವಾಗತೊಡಗಿತು. ಹೊತ್ತೊಯ್ಯಬಲ್ಲ ಕಂಪ್ಯೂಟರಾದ 1981ರ ಆಸ್ಬೋರ್ನ್ ಸುಮಾರು 11 ಕಿಲೋ ತೂಗುತ್ತಿದ್ದು, ಅದರ ಪರದೆ ಐದೇ ಅಂಗುಲವಿತ್ತು. 2008ರಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲದ, 1.36 ಕಿಲೋದ ಮ್ಯಾಕ್‌ಬುಕ್ ಏರ್ ಬಂದ ಮೇಲೆ ಸಿನಿಮಾ ಬರಿಯ ಕಡತವಾಗಿ ಪ್ರಯಾಣಿಸುವ ಕಾಲ ನಿಚ್ಚಳವಾಯಿತು.

ಆದರೂ ಭಾರ, ವಿದ್ಯುತ್ತು, ಬೆಳಕು, ಪರದೆಯ ಆಕಾರ ಎಂಬ ಡೇರೆಯ ಲೆಕ್ಕಗಳು ಬದಲಾಗಿಲ್ಲ; ಪ್ರಯಾಣದಲ್ಲಿ ಸಿನಿಮಾ ನೋಡಲು ಲ್ಯಾಪ್‌ಟಾಪು ಕೊಳ್ಳುವವನಿಗೂ ಅವೇ ಎದುರಾಗುತ್ತವೆ. 50 ವ್ಯಾಟ್-ಗಂಟೆಯ, ಅಂದರೆ 50 ವ್ಯಾಟನ್ನು ಒಂದು ಗಂಟೆ ಕಾಲ ಕೊಡಬಲ್ಲ ಬ್ಯಾಟರಿಯುಳ್ಳ ಲ್ಯಾಪ್‌ಟಾಪು ಚಿತ್ರ ತೋರಿಸಲು 10 ವ್ಯಾಟ್ ಬಳಸಿದರೆ ಐದು ಗಂಟೆ, ಎಂದರೆ ಎರಡು ಸಿನಿಮಾ ನಡೆಯುತ್ತದೆ. ಪರದೆಯ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಗಲಿನ ರೈಲಿನ ಕಿಟಕಿಯ ಬಳಿ 250 ನಿಟ್ ಮಂಕೆನಿಸುವುದರಿಂದ ಅದಕ್ಕಿಂತ ಹೆಚ್ಚಿನದೇ ಬೇಕು. ಸಿನಿಮಾಸ್ಕೋಪ್ ಬಂದಾಗ ಡೇರೆಯವರು ಹೊಸ ಮಸೂರವನ್ನೂ ಅಗಲದ ಪರದೆಯನ್ನೂ ಹೊಂದಿಸಬೇಕಾಗಿದ್ದಂತೆ, ಇಂದಿನ ಖರೀದಿದಾರನೂ ಆಕಾರವನ್ನು ನೋಡಲೇಬೇಕು: ಅಂಥ ಚಿತ್ರವನ್ನು 16:9 ಪ್ರಮಾಣದ ಪರದೆಯಲ್ಲಿ ನೋಡಿದರೆ ಕಾಲುಭಾಗ ಕಪ್ಪಾಗಿಯೇ ಉಳಿಯುತ್ತದೆ, ಬರಹಕ್ಕೆ ಅನುಕೂಲವೆಂದು ಹೊಗಳಲಾಗುವ 16:10ರಲ್ಲಿ ಸುಮಾರು ಮೂರನೇ ಒಂದು ಭಾಗ. ಬೀದರ ಅಥವಾ ಭಾಲ್ಕಿ ನಿಲ್ದಾಣದಲ್ಲಿ ದೂರದ ರೈಲು ಹತ್ತುವ ಸಿನಿಮಾಪ್ರಿಯನಿಗೆ ಒಂದೂವರೆ ಕಿಲೋ ಮೀರದ, 14 ಅಂಗುಲದ, 16:9 ಪರದೆಯ ಯಂತ್ರವೇ ಒಪ್ಪುವಂಥದ್ದು. ಸಂಸ್ಕಾರಕದ ವೇಗಕ್ಕೆ ಇಲ್ಲಿ ಎರಡನೆಯ ಸ್ಥಾನ.

ಮಹಾರಾಷ್ಟ್ರದ ಡೇರೆ ಸಿನಿಮಾದ ಕೊನೆಯ ದಿನಗಳನ್ನು 2016ರ ‘ದಿ ಸಿನಿಮಾ ಟ್ರಾವೆಲರ್ಸ್’ ಎಂಬ ಸಾಕ್ಷ್ಯಚಿತ್ರ ಸೆರೆಹಿಡಿದಿದೆ. ಗಡಿಯ ಈಚೆಗೂ ಅಂಥ ಕೆಲಸ ಆಗಬೇಕು; ಡೇರೆ ಹೊತ್ತು ತಿರುಗಿದವರು, ಯಂತ್ರ ನಡೆಸಿದವರು ಇರುವಾಗಲೇ ಬೀದರ ಜಿಲ್ಲೆಯ ಕಾಲೇಜುಗಳು ಅವರ ಮಾತುಗಳನ್ನು ಧ್ವನಿಮುದ್ರಿಸಿ, ಪರವಾನಗಿ ಪತ್ರಗಳನ್ನೂ ಭಿತ್ತಿಪತ್ರಗಳನ್ನೂ ಸಂಗ್ರಹಿಸಿಡಲಿ.